ಇಗರ್ಜಿಯಿಂದ ತಂದ ಮಂಚ: ಬಳಸಿ ನೋಡಿದ ಮೇಲೆ

ಸೊಂಟದ ಆಪರೇಷನ್ ಆದವರನ್ನು ಮನೆಗೆ ಕಳಿಸುವಾಗ ಮಾತ್ರೆ ಚೀಟಿಯ ಜೊತೆ ಇನ್ನೊಂದು ಪಟ್ಟಿಯೂ ಸಿಗುತ್ತದೆ. ತಲೆ ಕಡೆ ಏಳುವ ಮಂಚ, ಏರ್ ಬೆಡ್, ವಾಕರ್, ಕಮೋಡ್ ಕುರ್ಚಿ. ಎಲ್ಲ ಕೊಂಡರೆ ದುಡ್ಡಿನ ಗಂಟೇ ಕರಗುತ್ತದೆ. ಕೆಲವು ತಿಂಗಳಾದ ಮೇಲೆ ಅಟ್ಟ ಸೇರುವ ಸಾಮಾನು ಬೇರೆ. ಪೇಟೆಯ ಅಂಗಡಿಯಲ್ಲಿ ಬಾಡಿಗೆ ಕೇಳಿ ಸುಮ್ನೆ ಫೋನ್ ಇಟ್ಟೆ. ನಮ್ಮ ಅತ್ತೆ ಅಂಗಳದ ಪಾಚಿಯಲ್ಲಿ ಜಾರಿ ಬಿದ್ದಾಗ ಇದೆಲ್ಲ ಸಿಕ್ಕಿದ್ದು ಊರಿನ ಇಗರ್ಜಿಯಿಂದ, ಅಂದರೆ ಚರ್ಚಿನಿಂದ.

ನಾವು ಕ್ರಿಶ್ಚಿಯನ್ನರಲ್ಲ. ಉಡುಪಿ ಕಡೆಯ ಹಳ್ಳಿ, ಇಗರ್ಜಿ ಹಿಂದಿನ ಗದ್ದೆ ಬದಿಯಲ್ಲಿ ಮನೆ, ಅಷ್ಟೇ ಸಂಬಂಧ. ಇಷ್ಟು ವರ್ಷ ನನಗೆ ಗೊತ್ತಿದ್ದದ್ದು ಗಂಟೆ ಶಬ್ದ, ಮತ್ತೆ ಸೆಪ್ಟೆಂಬರ್ 8ರ ಮೊಂತಿ ಹಬ್ಬ, ಅಂದರೆ ಮೇರಿ ಮಾತೆ ಹುಟ್ಟಿದ ದಿನದ ಹಬ್ಬ. ಮಕ್ಕಳು ಬುಟ್ಟಿಯಲ್ಲಿ ಹೂ ಹಿಡಿದು ಹೋಗುತ್ತಾರೆ, ಬರುವಾಗ ಕೈಯಲ್ಲಿ ಕಬ್ಬು. ದೊಡ್ಡವರ ಕೈಯಲ್ಲಿ ಹೊಸ ಭತ್ತದ ತೆನೆ.

ಸಾಮಾನು ಕೊಡುವುದು ಫಾದರ್ ಅಲ್ಲ. ಸಂತ ವಿನ್ಸೆಂಟ್ ಪಾವ್ಲರ ಹೆಸರಿನ ಸಭೆ ಒಂದಿದೆ, ಎಲ್ಲರೂ ಎಸ್‌ವಿಪಿ ಅನ್ನುತ್ತಾರೆ. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡರಿಕ್ ಓಝನಾಮ್ ಎಂಬ 20 ವರ್ಷದ ಕಾಲೇಜು ಹುಡುಗ ಗೆಳೆಯರ ಜೊತೆ ಶುರು ಮಾಡಿದ್ದಂತೆ. ಕಷ್ಟದಲ್ಲಿರುವವರ ಮನೆಗೇ ಹೋಗಿ ನೋಡುವುದು ಇವರ ಮುಖ್ಯ ಕೆಲಸ. ಮೀಟಿಂಗಿನಲ್ಲಿ ಒಂದು ಚೀಲ ಕೈಯಿಂದ ಕೈಗೆ ಹೋಗುತ್ತದೆ. ಎಲ್ಲರೂ ಕೈ ಹಾಕುತ್ತಾರೆ, ಯಾರು ಎಷ್ಟು ಹಾಕಿದರು ಅಂತ ಗೊತ್ತಾಗುವುದಿಲ್ಲ. "ಏನೂ ಹಾಕದಿದ್ದರೂ ಗೊತ್ತಾಗುವುದಿಲ್ಲ ಅಲ್ವಾ?" ಅಂತ ಕೇಳಿದೆ. "ಅದಕ್ಕೇ ಚೀಲ" ಅಂದರು ಗುರ್ಕಾರರು.

ಈ ಗುರ್ಕಾರರ ವಿಷಯ ಹೇಳಲೇಬೇಕು. ಇಗರ್ಜಿಯವರು ಊರನ್ನು ವಾಡೊಗಳಾಗಿ ಹಂಚಿಕೊಂಡಿರುತ್ತಾರೆ, ಒಂದೊಂದಕ್ಕೆ ಒಬ್ಬ ಗುರ್ಕಾರ. ಯಾರ ಮನೆಯಲ್ಲಿ ಯಾರು ಮಲಗಿದಲ್ಲೇ ಇದ್ದಾರೆ, ಯಾರ ಮಗ ಗಲ್ಫ್‌ನಿಂದ ಕೆಲಸ ಬಿಟ್ಟು ಬಂದ, ಯಾವ ಮಗುವಿನ ಫೀಸು ಬಾಕಿ, ಎಲ್ಲ ಅವರಿಗೆ ಗೊತ್ತು. ಅತ್ತೆಯ ಸುದ್ದಿ ಕೂಡ ನಾವು ಹೇಳಿದ್ದಲ್ಲ, ಹಾಲಿನ ಡೈರಿಯಲ್ಲಿ ಕೇಳಿ ಅವರೇ ಬಂದದ್ದು. ದೊಡ್ಡ ಕಟ್ಟಡ, ಹೊಸ ಹಾಲ್ ಎಲ್ಲ ಇರಲಿ. ನನ್ನ ಪ್ರಕಾರ ಇಗರ್ಜಿಯ ನಿಜವಾದ ಆಸ್ತಿ ಹೀಗೆ ಮನೆ ಮನೆ ಗೊತ್ತಿರುವ ಜನ.

ಮಂಚ ಕೊಡುವ ಮೊದಲು ಇಬ್ಬರು ಮನೆಗೆ ಬಂದರು. ಮತದ ಮಾತು ಎತ್ತುತ್ತಾರೋ ಅಂತ ನನಗೆ ಒಳಗೊಳಗೆ ಅನುಮಾನ. ಅವರು ಕೇಳಿದ್ದು "ಮಂಚ ಎಲ್ಲಿ ಇಡ್ತೀರಿ? ಅಲ್ಲಿ ಕಿಟಕಿ ಉಂಟಾ?" ಅಂತ. ಹೊರಡುವಾಗ ಜೊತೆಗಿದ್ದ ಬಾಯಮ್ಮ, ಪ್ರಾರ್ಥನೆಯಲ್ಲಿ ನಿಮ್ಮ ಹೆಸರು ಹೇಳಬಹುದಾ ಅಂತ ಅತ್ತೆಯನ್ನೇ ಕೇಳಿದರು. "ಹೇಳಿ ಬಾಯಮ್ಮ, ನಮ್ಮ ದೈವಕ್ಕೂ ಹೇಳಿದ್ದೇವೆ" ಅಂದರು ಅತ್ತೆ.

ಇನ್ನು ಸಾಮಾನಿನ ಕತೆ. 2,000 ರೂಪಾಯಿ ಡಿಪಾಸಿಟ್, ವಾಪಸ್ ಕೊಟ್ಟಾಗ ಪೂರ್ತಿ ಸಿಗುತ್ತದೆ. ಬಾಡಿಗೆ ಇಲ್ಲ. ಮಂಚದ ಕಾಲಿನ ಕಡೆ ಎರಡು ಹಿಡಿ: ಒಂದು ತಿರುಗಿಸಿದರೆ ತಲೆ ಭಾಗ ಏಳುತ್ತದೆ, ಇನ್ನೊಂದಕ್ಕೆ ಮೊಣಕಾಲಿನ ಭಾಗ. ಬಣ್ಣ ಹೋಗಿದೆ, ಮೊಣಕಾಲಿನ ಹಿಡಿ ಬಿಗಿ. ಹೊಲಿಗೆ ಮಿಷನ್ ಎಣ್ಣೆ ಬಿಟ್ಟ ಮೇಲೆ ಸರಿಯಾಯಿತು. ಏರ್ ಬೆಡ್ ಚೆನ್ನಾಗಿದೆ. ಸಣ್ಣ ಮೋಟಾರು ಗಾಳಿಯನ್ನು ಒಮ್ಮೆ ಈ ಗುಳ್ಳೆಗಳಿಗೆ, ಒಮ್ಮೆ ಆ ಗುಳ್ಳೆಗಳಿಗೆ ತುಂಬುತ್ತದೆ. ಒಂದೇ ಕಡೆ ಭಾರ ಬಿದ್ದು ಬೆನ್ನು ಹುಣ್ಣಾಗಬಾರದಲ್ಲ. ಆದರೆ ಮಳೆಗಾಲದಲ್ಲಿ ಕರೆಂಟ್ ಹೋಗುವುದು ಜಾಸ್ತಿ, ಮೋಟಾರು ನಿಂತರೆ ಬೆಡ್ ಮೆಲ್ಲಗೆ ಇಳಿಯುತ್ತದೆ. ಬೆಡ್ ಇದೆ ಅಂತ ನಂಬಿ ಕೂರಬೇಡಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಕೆಲಸ ಹೇಗೂ ಇದ್ದದ್ದೇ. ಕಮೋಡ್ ಕುರ್ಚಿ ಬಗ್ಗೆ ಹೇಳಲು ಏನಿಲ್ಲ, ಗಟ್ಟಿ ಇದೆ.

ಐದು ಸ್ಟಾರಿನಲ್ಲಿ ಒಂದು ಯಾಕೆ ಕಡಿಮೆ ಕೊಟ್ಟೆ ಅಂದರೆ, ಈ ಸೌಲಭ್ಯ ಇದೆ ಅಂತ ಹೊರಗಿನವರಿಗೆ ಗೊತ್ತಾಗುವ ದಾರಿಯೇ ಇಲ್ಲ. ಭಾನುವಾರದ ಪೂಜೆ ಮುಗಿದ ಮೇಲೆ ಕೊಂಕಣಿಯಲ್ಲಿ ಹೇಳುತ್ತಾರೆ. ಬೋರ್ಡಿನಲ್ಲೂ ಕನ್ನಡ ಅಕ್ಷರದ ಕೊಂಕಣಿ. ಓದಬಹುದು, ಅರ್ಥ ಆಗುವುದು ಅರ್ಧ. ರಸ್ತೆ ಕಡೆಯ ಗೇಟಿಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಹಾಕಿದರೆ ಎಷ್ಟು ಮನೆಗೆ ಉಪಕಾರ. ಎರಡನೆಯದು, ಸ್ಟೋರ್ ರೂಮಿನ ಬೀಗದ ಕೈ ಒಬ್ಬರ ಹತ್ತಿರ ಮಾತ್ರ. ಅವರು ಮುಂಬೈಗೆ ಮದುವೆಗೆ ಹೋಗಿದ್ದಾಗ ವಾಕರ್‌ಗೆ ಕಾಯಬೇಕಾಯಿತು. ಅತ್ತೆ ಅಷ್ಟು ದಿನ ಗೋಡೆ ಹಿಡಿದೇ ನಡೆದರು. ಇನ್ನೊಂದು ಬೀಗದ ಕೈ ಮಾಡಿಸಲು ಎಷ್ಟಾಗುತ್ತದೆ ಹೇಳಿ?

ಬೇಕಾದವರು ಭಾನುವಾರ ಪೂಜೆ ಬಿಟ್ಟ ಮೇಲೆ ಕಚೇರಿ ಹತ್ತಿರ ಹೋಗಿ ಎಸ್‌ವಿಪಿಯವರನ್ನು ಕೇಳಿ. ಡಿಸ್ಚಾರ್ಜ್ ಚೀಟಿ ಮತ್ತು ಆಧಾರ್ ಜೆರಾಕ್ಸ್ ಸಾಕು. ಟೆಂಪೋ ನೀವೇ ಮಾಡಿಕೊಳ್ಳಬೇಕು, ಮಂಚ ಬಿಚ್ಚಲು ಸ್ಪ್ಯಾನರ್ ಕೂಡ. ವಾಕರ್ ವಾಪಸ್ ಕೊಡುವಾಗ ಕಾಲಿನ ರಬ್ಬರ್ ಸವೆದಿದ್ದರೆ ಹೊಸದು ಹಾಕಿಸಿ ಕೊಡಿ, ಇಲ್ಲದಿದ್ದರೆ ನಂತರ ತಗೊಂಡು ಹೋದವರು ಜಾರುತ್ತಾರೆ.