ಸುಣ್ಣದ ಗಾರೆ ಗೋಡೆಗೆ ಟೈಲ್ಸ್: ಕೆತ್ತಬೇಕಾ, ಹಾಗೇ ಹಚ್ಚಬೇಕಾ?

ನಮ್ಮದು ಧಾರವಾಡದ ಮಾಳಮಡ್ಡಿಯಲ್ಲಿರುವ ಹಳೇ ಹೆಂಚಿನ ಮನೆ. ಮಾವನವರ ಅಪ್ಪ ಕಟ್ಟಿಸಿದ್ದು. ಕಲ್ಲು-ಮಣ್ಣಿನ ಗೋಡೆ, ಒಂದೂವರೆ ಅಡಿ ದಪ್ಪ. ಮೇಲೆ ಸುಣ್ಣದ ಗಾರೆಯ ಗಿಲಾವು (ಪ್ಲಾಸ್ಟರ್), ಅದರ ಮೇಲೆ ಪ್ರತಿ ದೀಪಾವಳಿಗೆ ಬಳಿದ ಸುಣ್ಣ. ಇಂಥ ಗೋಡೆಗೆ ಟೈಲ್ಸ್ ಹಚ್ಚಿಸಲು ಇಲ್ಲಿಯವರೆಗೆ ನಾಲ್ಕು ದಾರಿ ಹಿಡಿದಿದ್ದೇನೆ.

ಮೊದಲ ಪ್ರಯೋಗ ಬಚ್ಚಲು ಮನೆಯಲ್ಲಿ. "ಗಿಲಾವ್ ಗಟ್ಟಿ ಐತ್ರಿ ಅಕ್ಕಾರ, ಕಚ್ಚು ಹಾಕಿ ಹಚ್ಚಿಬಿಡ್ತೀನಿ" ಅಂದರು ಗೌಂಡಿ. ಖರ್ಚು ಕಡಿಮೆ, ಎರಡೇ ದಿನದ ಕೆಲಸ. ನಾನೂ ಹೂಂ ಅಂದೆ. ಎರಡಡಿ ಉದ್ದ, ಒಂದಡಿ ಅಗಲದ ವಿಟ್ರಿಫೈಡ್ ಟೈಲ್ಸ್, ಒಂದೊಂದು ಮೂರೂವರೆ ಕೆಜಿ ಮೇಲೆ. ಸಿಮೆಂಟ್ ಹಾಲಲ್ಲೇ ಅಂಟಿಸಿದರು. ಮರುವರ್ಷದ ಶ್ರಾವಣದಲ್ಲಿ ಒಂದು ರಾತ್ರಿ ಟೈಲ್ ಕಳಚಿ ತಾಮ್ರದ ಹಂಡೆ ಮೇಲೆ ಬಿತ್ತು. ಕಳ್ಳರು ಹೊಕ್ಕರು ಅಂತ ಮಾವ ಬಡಿಗೆ ಹಿಡಿದು ಬಂದಿದ್ದರು.

ಬಿದ್ದ ಟೈಲಿನ ಬೆನ್ನು ನೋಡಿದರೆ ತಪ್ಪು ಎಲ್ಲಿ ಅಂತ ಗೊತ್ತಾಗುತ್ತದೆ. ಕೆಳಗಿನ ಸಾಲಿನವು ಗಿಲಾವನ್ನೇ ಹೊತ್ತುಕೊಂಡು ಬಂದಿದ್ದವು. ಅಂದರೆ ಸಿಮೆಂಟ್ ಹಿಡಿದಿತ್ತು, ನೆಲದ ತೇವ ಏರಿ ಮೆತ್ತಗಾದ ಗಿಲಾವೇ ಗೋಡೆ ಬಿಟ್ಟಿತ್ತು. ಮೇಲಿನ ಸಾಲಿನವುಗಳ ಬೆನ್ನು ಮಾತ್ರ ತೊಳೆದಿಟ್ಟ ತಟ್ಟೆಯಂತೆ ಸ್ವಚ್ಛ. ವಿಟ್ರಿಫೈಡ್ ಟೈಲ್ ನೀರು ಹೀರುವುದು ತೂಕದ ಶೇ. 0.5ಕ್ಕಿಂತ ಕಡಿಮೆ. ಹೀರದ ಮೇಲೆ ಸಿಮೆಂಟ್ ಹಾಲು ಹಿಡಿಯುವುದಾದರೂ ಹೇಗೆ?

ಎರಡನೇ ಸಲ ಎಲ್ಲ ಕೆತ್ತಿಸಿದೆ. ಗಾರೆ ಜೊತೆ ಒಳಗಿನ ಮಣ್ಣೂ ಉದುರಿತು, ನಾಲ್ಕೈದು ಕಲ್ಲು ಅಲುಗಾಡಿದವು, ಅತ್ತೆ ದೀಪ ಇಡುತ್ತಿದ್ದ ಮಾಡದ ಅಂಚು ಒಡೆಯಿತು. ಟ್ರ್ಯಾಕ್ಟರಿನಲ್ಲಿ ಎರಡು ಟ್ರಿಪ್ ಕಸ. ಆಮೇಲೆ ತಂತಿ ಜಾಳಿ ಹೊಡೆದು ಎರಡು ಕೋಟ್ ಸಿಮೆಂಟ್ ಗಿಲಾವು, ಏಳು ದಿನ ನೀರು, ಮೂರು ವಾರ ಒಣಗಲು ಬಿಟ್ಟು ಟೈಲ್ಸ್. ಅವು ಇವತ್ತಿಗೂ ಗಟ್ಟಿಯಾಗಿವೆ. ಆದರೆ ಅದೇ ಗೋಡೆಯ ಆಚೆ ಬದಿ ನಮ್ಮ ಪಡಸಾಲೆ. ಅಲ್ಲಿ ಮೂರಡಿ ಎತ್ತರದವರೆಗೆ ಸುಣ್ಣ ಪಕಳೆ ಪಕಳೆಯಾಗಿ ಏಳತೊಡಗಿತು, ಬಿಳಿ ಉಪ್ಪು ಬಿಟ್ಟಿತು. ಸುಣ್ಣದ ಗಾರೆ ತೇವವನ್ನು ಎರಡೂ ಕಡೆಯಿಂದ ಹೊರಗೆ ಬಿಡುತ್ತಿತ್ತು. ಒಂದು ಕಡೆ ಸಿಮೆಂಟ್, ಟೈಲ್ಸ್ ಹಾಕಿ ಬಾಯಿ ಮುಚ್ಚಿದ ಮೇಲೆ ತೇವಕ್ಕೆ ಉಳಿದಿದ್ದು ಪಡಸಾಲೆಯ ದಾರಿ. ಕೆತ್ತಿಸಿ ಅಂತ ಹೇಳುವವರು ಇದನ್ನು ಯಾರೂ ಹೇಳಲ್ಲ.

ಮೂರನೆಯದು ಅಡುಗೆ ಮನೆ, ಕಟ್ಟೆಯ ಮೇಲೆ ಎರಡಡಿ ಪಟ್ಟಿ ಮಾತ್ರ. ಈ ಸಲ ಆತುರ ಮಾಡಲಿಲ್ಲ. ಒಂದು ಭಾನುವಾರ ಪೂರ್ತಿ ಬೆರಳ ಗಿಣ್ಣಿನಿಂದ ಗೋಡೆ ಬಡಿದೆ. ಟೊಳ್ಳು ಸದ್ದು ಬಂದಲ್ಲೆಲ್ಲ ಸೀಮೆಸುಣ್ಣದ ಗುಂಡು ಗೆರೆ. ಅಷ್ಟನ್ನೇ ಕೆತ್ತಿ, ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು ಸೇರಿಸಿ ತುಂಬಿಸಿ, ಚೆನ್ನಾಗಿ ಒಣಗಲು ಬಿಟ್ಟೆ. ಹಳೇ ಸುಣ್ಣದ ಪದರವನ್ನು ಗಟ್ಟಿ ಗಾರೆ ಕಾಣುವವರೆಗೆ ಹೆರೆಸಿದೆ. ಇದು ಬೇಸರದ ಕೆಲಸ, ಆದರೆ ಇದನ್ನು ಬಿಟ್ಟರೆ ಟೈಲ್ ಅಂಟುವುದು ಸುಣ್ಣದ ಪುಡಿಗೇ ಹೊರತು ಗೋಡೆಗಲ್ಲ. ಆಮೇಲೆ ಒಂದು ಕೈ ಪ್ರೈಮರ್. ಟೈಲ್ ಅಂಟಿಗೆಂದೇ ಇರುವ ಭಾರತೀಯ ಮಾನಕ ಐಎಸ್ 15477 ಗುರುತಿನ ಅಂಟು. ಹನ್ನೆರಡು-ಎಂಟು ಇಂಚಿನ ಸೆರಾಮಿಕ್ ಟೈಲ್ಸ್, ಒಂದೊಂದು ಕೆಜಿಗಿಂತ ಕಡಿಮೆ.

ಇಲ್ಲಿ ಗೌಂಡಿ ಜೊತೆ ಎರಡು ಸಲ ಜಗಳ ಆಯಿತು. ರೂಢಿ ಬಲದಿಂದ ಟೈಲ್ಸ್ ಎಲ್ಲ ಬಕೆಟ್ಟಿನಲ್ಲಿ ನೆನೆಹಾಕಿದ್ದರು. ಸಿಮೆಂಟಿಗೆ ಅದು ಸರಿ, ಈ ಅಂಟಿಗೆ ಒಣ ಟೈಲೇ ಬೇಕು. ಇನ್ನೊಂದು, ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು ಅಂತ ಅಂಟಿನ ಗುಡ್ಡೆ ಇಟ್ಟು ಒತ್ತುವುದು. ಗುಡ್ಡೆ ಗುಡ್ಡೆಗಳ ನಡುವೆ ಪೊಳ್ಳು ಉಳಿಯುತ್ತದೆ, ಅಲ್ವಾ? "ಇಷ್ಟ ವರ್ಷ ಹಿಂಗ ಮಾಡೇವ್ರಿ" ಅಂದರು. ಅಂಟನ್ನು ಎಲ್ಲ ಕಡೆ ಸಮನಾಗಿ ಹರಡುವ ಹಲ್ಲಿನ ಕರಣೆ ನಾನೇ ತಂದುಕೊಟ್ಟೆ. ಮುಖ ಊದಿಸಿಕೊಂಡರೂ ಕೆಲಸ ಚೊಕ್ಕ ಮಾಡಿದರು. ಆರು ಮಳೆಗಾಲ ಕಳೆದಿದೆ, ಒಂದೂ ಅಲುಗಿಲ್ಲ.

ನಾಲ್ಕನೆಯದು ಕೈ ತೊಳೆಯುವ ಬೇಸಿನ್ ಹಿಂದೆ ಸಿಮೆಂಟ್ ಬೋರ್ಡ್ ಜಡಿದು ಅದರ ಮೇಲೆ ಟೈಲ್ಸ್. ಹೇಳುವಂಥದ್ದು ಜಾಸ್ತಿ ಇಲ್ಲ. ಮಣ್ಣು ಸಿಕ್ಕಲ್ಲಿ ಸ್ಕ್ರೂ ಸುಮ್ನೆ ತಿರುಗುತ್ತದೆ, ಕಲ್ಲು ಸಿಕ್ಕಲ್ಲಿ ಡ್ರಿಲ್ ಬಿಟ್ ಸವೆಯುತ್ತದೆ. ಇಟ್ಟಿಗೆ ಗೋಡೆ ಇದ್ದವರು ಬೇಕಾದರೆ ನೋಡಲಿ.

ಹಾಗಾಗಿ ಅಡುಗೆ ಮನೆಗೆ ನನ್ನ ವೋಟು ಮೂರನೇ ದಾರಿಗೇ. ಗಿಲಾವು ಗಟ್ಟಿಯಿದ್ದರೆ, ಟೈಲು ಹಗುರ ಇದ್ದರೆ, ಪಟ್ಟಿ ಚಿಕ್ಕದಿದ್ದರೆ. ಬಚ್ಚಲಿಗೆ ಅದನ್ನು ಹೇಳಲ್ಲ. ಅಲ್ಲಿ ಜಾಗ ಇದ್ದವರು ಹಳೇ ಗೋಡೆಯಿಂದ ಎರಡು ಇಂಚು ಬಿಟ್ಟು ನಾಲ್ಕಿಂಚಿನ ಇಟ್ಟಿಗೆ ಗೋಡೆ ಎಬ್ಬಿಸಿ, ಟೈಲ್ಸ್ ಅದಕ್ಕೇ ಹಚ್ಚಿಸಲಿ. ನಮ್ಮ ಬಚ್ಚಲು ಮೊದಲೇ ಇಕ್ಕಟ್ಟು, ಆ ಆಸೆ ಬಿಟ್ಟಿದ್ದೇನೆ. ಪಡಸಾಲೆ ಗೋಡೆಗೆ ಮಾತ್ರ ವರ್ಷಕ್ಕೊಮ್ಮೆ ಸುಣ್ಣ ಹೆರೆದು ಬಳಿಯುವ ಕೆಲಸ ಕಾಯಂ ಆಗಿದೆ. ಅಲ್ಲಿ ಸಿಮೆಂಟ್ ಮುಟ್ಟಿಸಿದರೆ ಮನೆ ಬಿಟ್ಟು ಹೋಗ್ತೀನಿ ಅಂತ ಅತ್ತೆ ಹೇಳಿದ್ದಾರೆ.