ವ್ಯೂಫೈಂಡರಾ, ಸ್ಕ್ರೀನಾ? ಸೋನಿ ಎ6400 ಜತೆ ಕೆಲವು ವರ್ಷ

"ಹಿಂದೆ ಅಷ್ಟು ದೊಡ್ಡ ಸ್ಕ್ರೀನ್ ಇದೆಯಲ್ಲ ಸಾರ್, ಮತ್ಯಾಕೆ ಕಣ್ಣಿಗೆ ಒತ್ಕೊಂಡು ನೋಡ್ತೀರಾ?" ಕ್ಯಾಮೆರಾ ಕೈಯಲ್ಲಿದ್ದಾಗ ನನಗೆ ಜಾಸ್ತಿ ಬರುವ ಪ್ರಶ್ನೆ ಇದು. ಕಣ್ಣಿಗೆ ಒತ್ತಿಕೊಂಡು ನೋಡುವ ಆ ಪುಟ್ಟ ಕಿಂಡಿಯೇ ವ್ಯೂಫೈಂಡರ್. ಮೆಗಾಪಿಕ್ಸೆಲ್ ಎಷ್ಟು ಅಂತಲೂ ಇಷ್ಟು ಜನ ಕೇಳುವುದಿಲ್ಲ. ಅದಕ್ಕೇ ಈ ವಿಮರ್ಶೆಯಲ್ಲಿ ಆಟೋಫೋಕಸ್, ವಿಡಿಯೋ, ಬಣ್ಣ ಎಲ್ಲ ಬಿಟ್ಟುಬಿಡುತ್ತೇನೆ. ಸೋನಿ ಎ6400 ಮಿರರ್‌ಲೆಸ್ ಕ್ಯಾಮೆರಾ, 2019ರಲ್ಲಿ ಬಂದ ಮಾಡೆಲ್. ಅವುಗಳ ಬಗ್ಗೆ ಬರೆಯಬೇಕಾದವರೆಲ್ಲ ಬರೆದು ಮುಗಿಸಿದ್ದಾರೆ.

ನನ್ನ ಉತ್ತರ ಇಷ್ಟೇ. ಎರಡೂ ಇರಲಿ, ಆದರೆ ಯಾವಾಗ ಯಾವುದು ಅನ್ನುವುದನ್ನು ಕ್ಯಾಮೆರಾಗೆ ಬಿಡಬೇಡಿ. ಹೇಗೆ ಅಂತ ಮುಂದೆ ಹೇಳುತ್ತೇನೆ.

ಡಿಎಸ್‌ಎಲ್‌ಆರ್ ಕಾಲದಲ್ಲಿ ಈ ಪ್ರಶ್ನೆಗೆ ಯೋಚನೆ ಮಾಡುವ ಅಗತ್ಯವೇ ಇರಲಿಲ್ಲ. ಅದರಲ್ಲಿ ಲೆನ್ಸ್‌ನಿಂದ ಬಂದ ಬೆಳಕು ಕನ್ನಡಿಗೆ ಬಡಿದು ಮೇಲಕ್ಕೆ ಹೋಗಿ ಕಣ್ಣಿಗೆ ಸೇರುತ್ತಿತ್ತು. ಫೋಕಸ್ ಮಾಡುವ ಸೆನ್ಸರ್ ಕನ್ನಡಿಯ ಕೆಳಗೆ ಬೇರೆಯೇ ಕೂತಿರುತ್ತಿತ್ತು. ಸ್ಕ್ರೀನ್‌ನಲ್ಲಿ ನೋಡೋಣ ಅಂತ ಲೈವ್ ವ್ಯೂ ಒತ್ತಿದರೆ ಕನ್ನಡಿ ಮೇಲಕ್ಕೆದ್ದು ಆ ಸೆನ್ಸರ್‌ಗೆ ಬೆಳಕೇ ಸಿಗುತ್ತಿರಲಿಲ್ಲ. ಹಳೆಯ ಮಾಡೆಲ್‌ಗಳಲ್ಲಿ ಲೆನ್ಸ್ ಹಿಂದೆ ಮುಂದೆ ತಡಕಾಡುವುದನ್ನು ನೋಡುತ್ತಾ ನಿಲ್ಲಬೇಕಿತ್ತು. ಅಷ್ಟರಲ್ಲಿ ಮಗು ಎದ್ದು ಓಡಿಹೋಗಿರುತ್ತಿತ್ತು.

ಮಿರರ್‌ಲೆಸ್‌ನಲ್ಲಿ ಕನ್ನಡಿಯೇ ಇಲ್ಲ. ಒಂದೇ ಸೆನ್ಸರ್‌ನಿಂದ ಬಂದ ಚಿತ್ರ ಎರಡೂ ಕಡೆ ಹೋಗುತ್ತದೆ. ಫೋಕಸ್ ವೇಗವೂ ಅದೇ, ಫೋಟೋನೂ ಅದೇ. "ಹಾಗಾದ್ರೆ ವ್ಯತ್ಯಾಸ ಏನು?" ಅಂತ ಕೇಳುವವರ ಮಾತಲ್ಲಿ ನ್ಯಾಯ ಇದೆ. ವ್ಯತ್ಯಾಸ ಇರುವುದು ಫೋಟೋದಲ್ಲಲ್ಲ, ನಿಮಗೆ ಏನು ಕಾಣುತ್ತದೆ, ಕ್ಯಾಮೆರಾ ಹೇಗೆ ಹಿಡಿಯುತ್ತೀರಿ ಅನ್ನುವುದರಲ್ಲಿ.

ಎ6400ರ ಲೆಕ್ಕ ನೋಡಿ. ಒಳಗಿನ ಪುಟ್ಟ ಓಎಲ್ಇಡಿ ವ್ಯೂಫೈಂಡರ್‌ನಲ್ಲಿ ಸುಮಾರು 23.6 ಲಕ್ಷ ಡಾಟ್ ಇವೆ. ಹೊರಗಿನ 3 ಇಂಚಿನ ಸ್ಕ್ರೀನ್‌ನಲ್ಲಿ 9.2 ಲಕ್ಷ. ಸಾಲದ್ದಕ್ಕೆ ಸ್ಕ್ರೀನ್ 16:9 ಅಳತೆಯದು. ಫೋಟೋ 3:2. ಹಾಗಾಗಿ ಫೋಟೋ ತೆಗೆಯುವಾಗ ಎಡಬಲದಲ್ಲಿ ಕಪ್ಪು ಪಟ್ಟಿ ಬಿದ್ದು, ಚಿತ್ರ ಇನ್ನೂ ಸಣ್ಣದಾಗಿ ಕಾಣುತ್ತದೆ. ಇಂದಿನ ಮೊಬೈಲ್ ನೋಡಿ ಅಭ್ಯಾಸವಾದ ಕಣ್ಣಿಗೆ ಈ ಸ್ಕ್ರೀನ್ ಹಳೇದು ಅನ್ನಿಸದೆ ಇರಲ್ಲ.

ಇನ್ನು ಚಾಳೀಸಿನ ವಿಷಯ. ಯಾವ ವಿಮರ್ಶೆಯಲ್ಲೂ ಇದನ್ನು ಯಾರೂ ಬರೆಯುವುದಿಲ್ಲ, ವಿಮರ್ಶೆ ಮಾಡುವವರೆಲ್ಲ ಇಪ್ಪತ್ತೈದರ ಹುಡುಗರು ಅಂತ ಕಾಣುತ್ತದೆ! ನಲವತ್ತು ದಾಟಿದ ಮೇಲೆ ಒಂದಡಿ ದೂರದ ಸ್ಕ್ರೀನ್ ಮಬ್ಬಾಗುತ್ತದೆ. ಐಎಸ್ಓ (ಬೆಳಕಿಗೆ ಸೆನ್ಸರ್ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) 800 ಇದೆಯೋ 8000 ಇದೆಯೋ ಗೊತ್ತಾಗುವುದಿಲ್ಲ. ಕನ್ನಡಕ ಹಾಕಿದರೆ ಸ್ಕ್ರೀನ್ ಕಾಣುತ್ತದೆ, ಆದರೆ ಎದುರಿಗಿರುವ ಹಕ್ಕಿ ಮಸುಕು. ತೆಗೆದರೆ ಹಕ್ಕಿ ಕಾಣುತ್ತದೆ, ಸ್ಕ್ರೀನ್ ಮಸುಕು. ಹಾಕು, ತೆಗೆ, ಹಾಕು, ತೆಗೆ.

ವ್ಯೂಫೈಂಡರ್‌ಗೆ ಡಯಾಪ್ಟರ್ ಅಂತ ಒಂದು ಸಣ್ಣ ತಿರುಗಣೆ ಇರುತ್ತದೆ. ಎ6400ರಲ್ಲಿ ಮೈನಸ್ 4ರಿಂದ ಪ್ಲಸ್ 3ರವರೆಗೆ ತಿರುಗುತ್ತದೆ. ಮುಂದಿರುವ ದೃಶ್ಯವನ್ನು ನೋಡುತ್ತಾ ತಿರುಗಿಸಬೇಡಿ. ಪರದೆಯ ಕೆಳಗಿನ ಅಂಕಿಗಳನ್ನು ನೋಡುತ್ತಾ ತಿರುಗಿಸಿ, ಅವು ಚೂಪಾಗಿ ಕಂಡ ಕಡೆ ಬಿಟ್ಟುಬಿಡಿ. ಆಮೇಲೆ ಚಾಳೀಸು ಜೇಬಲ್ಲೇ ಇರಲಿ. ಮೆನು, ತೆಗೆದ ಫೋಟೋ, ಫೋಕಸ್ ಸರಿಯಾಗಿದೆಯಾ ಅಂತ ಹಿಗ್ಗಿಸಿ ನೋಡುವುದು, ಎಲ್ಲವೂ ಒಳಗೇ ಆಗುತ್ತದೆ. ಪೂರ್ತಿ ಹೊತ್ತು ಕನ್ನಡಕ ಹಾಕುವವರಿಗೂ ತೊಂದರೆ ಇಲ್ಲ. ಐಪೀಸ್, ಅಂದರೆ ವ್ಯೂಫೈಂಡರ್‌ನಲ್ಲಿ ಕಣ್ಣಿಡುವ ಕಡೆಯ ಗಾಜಿನಿಂದ ಕಣ್ಣು ಎರಡು ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ದೂರ ಇದ್ದರೂ ಇಡೀ ಚೌಕಟ್ಟು ಕಾಣುತ್ತದೆ. ನಾನು ಈ ಕ್ಯಾಮೆರಾ ಇನ್ನೂ ಮಾರದೆ ಇರುವುದಕ್ಕೆ ಮೊದಲ ಕಾರಣ ಈ ಪುಟ್ಟ ತಿರುಗಣೆ.

ಎರಡನೇ ಕಾರಣ ಉದ್ದ ಲೆನ್ಸ್. ನನ್ನ ಹತ್ತಿರ ಇರುವುದು 70-350 ಮಿಲಿಮೀಟರ್ ಝೂಮ್. ಅದೊಂದೇ 625 ಗ್ರಾಂ, ಕ್ಯಾಮೆರಾ ಬ್ಯಾಟರಿ ಸಮೇತ 403 ಗ್ರಾಂ. ಅಂದರೆ ಭಾರವೆಲ್ಲ ಮುಂದಕ್ಕೇ. ರಂಗನತಿಟ್ಟಿನ ದೋಣಿಯಲ್ಲಿ ಕೂತು ಇದನ್ನು ಕೈ ಚಾಚಿ ಹಿಡಿದು ಸ್ಕ್ರೀನ್ ನೋಡಿ ಹಕ್ಕಿ ಹುಡುಕಿ ನೋಡಿ, ಗೊತ್ತಾಗುತ್ತದೆ. 350ಕ್ಕೆ ಝೂಮ್ ಮಾಡಿದಾಗ ಕಾಣುವುದು ಫುಲ್ ಫ್ರೇಮ್ (ಇದಕ್ಕಿಂತ ದೊಡ್ಡ ಸೆನ್ಸರ್‌ನ) ಕ್ಯಾಮೆರಾದಲ್ಲಿ 525 ಮಿಲಿಮೀಟರ್‌ನಷ್ಟು ಕಿರಿದಾದ ನೋಟ. ದೋಣಿ ಒಂದಿಷ್ಟು ಓಲಾಡಿದರೂ ಕೊಕ್ಕರೆ ಚೌಕಟ್ಟಿನಿಂದ ಮಾಯ. ಜತೆಗೆ ನೀರಿನ ಮೇಲಿನ ಬಿಸಿಲು ಸ್ಕ್ರೀನ್‌ಗೆ ಬಡಿದು ನಿಮ್ಮದೇ ಮುಖ ಕಾಣುತ್ತದೆ. ಮಾನಿಟರ್ ಬ್ರೈಟ್‌ನೆಸ್‌ನಲ್ಲಿ ಬಿಸಿಲಿಗೆಂದೇ ಒಂದು ಆಯ್ಕೆ ಇದೆ, ಹಾಕಿದರೆ ಪರವಾಗಿಲ್ಲ ಅನ್ನುವಷ್ಟು ಕಾಣುತ್ತದೆ. ಅಷ್ಟೇ.

ಕಣ್ಣಿಗೆ ಒತ್ತಿಕೊಂಡರೆ ಎರಡು ಕೈ ಜತೆ ಹಣೆಯೂ ಒಂದು ಆಸರೆ. ಮೊಣಕೈ ಪಕ್ಕೆಗೆ ತಾಗಿಸಿಕೊಳ್ಳಬಹುದು. ಈ ಕ್ಯಾಮೆರಾದ ಬಾಡಿಯಲ್ಲಿ ಕೈ ನಡುಕ ಸರಿಪಡಿಸುವ ಸ್ಟೆಬಿಲೈಸೇಶನ್ ಇಲ್ಲ, ಲೆನ್ಸ್‌ನಲ್ಲಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಆಸರೆ ಮುಖ್ಯ. ಹಾರುವ ಹಕ್ಕಿಗೆ ಇನ್ನೊಂದು ಮಾತು. ಸೆಕೆಂಡಿಗೆ 11 ಚಿತ್ರದ ಮೋಡ್ ಹಾಕಿದರೆ ವ್ಯೂಫೈಂಡರ್‌ನಲ್ಲಿ ಈಗಷ್ಟೇ ತೆಗೆದ ಚಿತ್ರಗಳು ಒಂದರ ಹಿಂದೆ ಒಂದು ಬರುತ್ತವೆ, ಹಕ್ಕಿ ಅಷ್ಟರಲ್ಲಿ ಮುಂದೆ ಹೋಗಿರುತ್ತದೆ. 8ಕ್ಕೆ ಇಳಿಸಿಕೊಳ್ಳಿ. ನಡುನಡುವೆ ನಿಜವಾದ ನೋಟ ಸಿಗುತ್ತದೆ, ಹಿಂಬಾಲಿಸುವುದು ಸುಲಭ.

ವ್ಯೂಫೈಂಡರ್ ಎಡ ಮೂಲೆಯಲ್ಲಿರುವುದರಿಂದ ಬಲಗಣ್ಣಲ್ಲಿ ನೋಡುವವರ ಮೂಗು ಕ್ಯಾಮೆರಾದ ಪಕ್ಕಕ್ಕೆ ಬರುತ್ತದೆ. ಎಡಗಣ್ಣಿನವರ ಮೂಗು ನೇರವಾಗಿ ಸ್ಕ್ರೀನ್ ಮೇಲೆ! ಟಚ್‌ಪ್ಯಾಡ್ ಆನ್ ಇದ್ದರೆ ಮೂಗೇ ಫೋಕಸ್ ಪಾಯಿಂಟ್ ಎಳೆದುಕೊಂಡು ಹೋಗುತ್ತದೆ. ಟಚ್ ಕೆಲಸ ಮಾಡುವ ಜಾಗವನ್ನು ಸ್ಕ್ರೀನ್‌ನ ಬಲಭಾಗಕ್ಕೆ ಸೀಮಿತ ಮಾಡಿ, ಅದಕ್ಕೂ ಬಗ್ಗದಿದ್ದರೆ ಸುಮ್ನೆ ಆಫ್ ಮಾಡಿ.

ಇಷ್ಟೆಲ್ಲ ಓದಿ ನಾನು ಸ್ಕ್ರೀನ್ ವಿರೋಧಿ ಅಂದುಕೊಳ್ಳಬೇಡಿ. ಕರಾವಳಿಯ ನಮ್ಮೂರಿಗೆ ಹೋದಾಗ ಯಕ್ಷಗಾನ ಇದ್ದರೆ ಕ್ಯಾಮೆರಾ ಜತೆಗಿರುತ್ತದೆ. ಆಟ ಶುರುವಾಗುವ ಮುಂಚೆ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಕೂರುವುದು ನನಗೆ ಇಷ್ಟ. ಕಲಾವಿದರು ನೆಲದ ಮೇಲೆ ಕೂತು, ಕನ್ನಡಿ ನೋಡಿಕೊಂಡು ಮುಖಕ್ಕೆ ಬಣ್ಣ ಹಚ್ಚಿಕೊಳ್ಳುತ್ತಿರುತ್ತಾರೆ. ಬಣ್ಣದ ವೇಷದವರು (ರಾಕ್ಷಸ ಪಾತ್ರದವರು) ಮುಖದ ಮೇಲೆ ಅಕ್ಕಿ ಹಿಟ್ಟಿನ ಚುಟ್ಟಿ ಇಡುತ್ತಾ ಗಂಟೆಗಟ್ಟಲೆ ಅಲ್ಲಾಡದೆ ಕೂತಿರುತ್ತಾರೆ. ಅಲ್ಲಿ ಕ್ಯಾಮೆರಾ ಕಣ್ಣಿಗೆ ಇಟ್ಟರೆ ಎಲ್ಲರಿಗೂ ಗೊತ್ತಾಗುತ್ತದೆ. ಕೆಲವರು ಕೈ ನಿಲ್ಲಿಸಿ ಪೋಸ್ ಕೊಡುತ್ತಾರೆ, ಕೆಲವರು ಮುಖ ತಿರುಗಿಸುತ್ತಾರೆ. ನಾನೂ ನೆಲದ ಮೇಲೆ ಕೂತು, ಸ್ಕ್ರೀನ್ ಮೇಲಕ್ಕೆ ಮಡಚಿ, ಕ್ಯಾಮೆರಾ ತೊಡೆಯ ಮೇಲಿಟ್ಟುಕೊಂಡರೆ ಮಾತಾಡುತ್ತಾ ಫೋಟೋ ತೆಗೆಯಬಹುದು. ಅವರ ಮುಖದ ಮಟ್ಟಕ್ಕಿಂತ ಸ್ವಲ್ಪ ಕೆಳಗಿನಿಂದ ತೆಗೆದ ಚಿತ್ರಕ್ಕೆ ಗತ್ತು ಜಾಸ್ತಿ. ಅಷ್ಟು ಹತ್ತಿರದಲ್ಲಿ ಮುಖ ಮರೆಮಾಡಿಕೊಂಡು ಕೂರುವುದು ಮರ್ಯಾದೆಯೂ ಅಲ್ಲ, ಅಲ್ವಾ?

ಅದೇ ಕಲಾವಿದ ರಂಗಸ್ಥಳಕ್ಕೆ ಬಂದ ಮೇಲೆ ಲೆಕ್ಕ ತಿರುಗುಮುರುಗು. ಕತ್ತಲಲ್ಲಿ ಸ್ಕ್ರೀನ್ ಬೆಳಗಿದರೆ ಹಿಂದಿನ ಸಾಲಿನವರ ಕಣ್ಣಿಗೆ ಅದೇ ಟಾರ್ಚ್. ಇಲ್ಲಿ ವ್ಯೂಫೈಂಡರ್ ಮ್ಯಾನುಯಲ್‌ಗೆ ಹಾಕಿದರೆ ಸ್ಕ್ರೀನ್ ಪೂರ್ತಿ ಆಫ್. ಕಣ್ಣು ತೆಗೆದರೂ ಬೆಳಗುವುದಿಲ್ಲ. ಜತೆಗೆ ಆಟೋಫೋಕಸ್‌ಗೆ ಸಹಾಯ ಮಾಡುವ ಮುಂದಿನ ದೀಪವನ್ನೂ ಆಫ್ ಮಾಡಿ, ಕಲಾವಿದರ ಕಣ್ಣಿಗೆ ಹೊಡೆಯುತ್ತದೆ. ಸೈಲೆಂಟ್ ಶೂಟಿಂಗ್ ಹಾಕುವ ಆಸೆ ಬರುತ್ತದೆ, ಆದರೆ ಎಲ್ಇಡಿ ದೀಪದ ಕೆಳಗೆ ಚಿತ್ರದಲ್ಲಿ ಅಡ್ಡಪಟ್ಟಿ ಬೀಳಬಹುದು. ಧೀಂಗಣ ಹಾಕುವಾಗಂತೂ ತಿರುಗುವ ಮೈ ಸೊಟ್ಟಗಾಗುತ್ತದೆ. ಚೆಂಡೆ ಬಡಿಯುತ್ತಿರುವಾಗ ಶಟರ್ ಸದ್ದು ಯಾರಿಗೆ ಕೇಳಬೇಕು!

ಯಾವಾಗ ಯಾವುದು ಅನ್ನುವುದನ್ನು ಕ್ಯಾಮೆರಾಗೆ ಬಿಡಬೇಡಿ ಅಂದೆನಲ್ಲ, ಅದಕ್ಕೆ ಕಾರಣವಾದ ಕಿರಿಕಿರಿ ಈಗ. ಎಲ್ಲ ಕಂಪನಿಗಳೂ ಐಪೀಸ್ ಹತ್ತಿರ ಒಂದು ಸೆನ್ಸರ್ ಇಡುತ್ತವೆ. ಕಣ್ಣು ಹತ್ತಿರ ಬಂದರೆ ಸ್ಕ್ರೀನ್ ಆಫ್, ವ್ಯೂಫೈಂಡರ್ ಆನ್. ಕೇಳಲು ಚೆಂದ. ಆದರೆ ಅದಕ್ಕೆ ಕಣ್ಣು ಯಾವುದು, ಅಂಗಿ ಯಾವುದು ಗೊತ್ತಾಗುವುದಿಲ್ಲ. ಹೊಟ್ಟೆಯ ಹತ್ತಿರ ಹಿಡಿದರೆ ಹೊಟ್ಟೆಗೂ ಸ್ಕ್ರೀನ್ ಆಫ್. ಸ್ಟ್ರ್ಯಾಪ್ ಅಡ್ಡ ಬಂದರೂ ಆಫ್. ಸರಿಯಾಗಿ ಕೆಲಸ ಮಾಡಿದಾಗಲೂ ಸ್ಕ್ರೀನ್‌ನಿಂದ ವ್ಯೂಫೈಂಡರ್‌ಗೆ ಬದಲಾಗಲು ಒಂದು ಕ್ಷಣ ಬೇಕು, ಮಿಂಚುಳ್ಳಿ ಧುಮುಕುವುದು ಅದೇ ಕ್ಷಣದಲ್ಲಿ.

ಪರಿಹಾರ ಸುಲಭ. ಆಟೋ ತೆಗೆದುಹಾಕಿ, ಫೈಂಡರ್/ಮಾನಿಟರ್ ಆಯ್ಕೆಯನ್ನು ಒಂದು ಬಟನ್‌ಗೆ ಕೊಡಿ. ನಾನು ಡಿಲೀಟ್ ಬಟನ್ ಆಗಿಯೂ ಇರುವ ಸಿ2ಗೆ ಕೊಟ್ಟಿದ್ದೇನೆ. ಹೆಬ್ಬೆರಳು ಸರಿಸಿದರೆ ಸಾಕು. ಒಂದು ವಾರ ಗೊಂದಲ ಇರುತ್ತದೆ, ಆಮೇಲೆ ಕೈಗೇ ಗೊತ್ತಾಗುತ್ತದೆ.

ಎರಡರಲ್ಲಿ ಯಾವುದನ್ನೂ ಎಕ್ಸ್‌ಪೋಶರ್ (ಫೋಟೋಗೆ ಬೀಳುವ ಬೆಳಕಿನ ಪ್ರಮಾಣ) ವಿಷಯದಲ್ಲಿ ಪೂರ್ತಿ ನಂಬಬೇಡಿ. ಕತ್ತಲಲ್ಲಿ ವ್ಯೂಫೈಂಡರ್ ಜಗಮಗ ಅನ್ನುತ್ತದೆ, ಫೋಟೋ ಚೆನ್ನಾಗಿ ಬೆಳಗಿದೆ ಅಂದುಕೊಳ್ಳುತ್ತೀರಿ, ಮನೆಗೆ ಬಂದು ನೋಡಿದರೆ ಕಪ್ಪು. ಬಿಸಿಲಲ್ಲಿ ಸ್ಕ್ರೀನ್ ಮಂಕಾಗಿ ಕಂಡು, ಬೆಳಕು ಜಾಸ್ತಿ ಮಾಡಿ, ಮೋಡವೆಲ್ಲ ಬಿಳಿ ಮಾಡಿಬಿಡುತ್ತೀರಿ. ಚಿತ್ರದಲ್ಲಿ ಕಪ್ಪು ಎಷ್ಟು, ಬಿಳಿ ಎಷ್ಟು ಅಂತ ತೋರಿಸುವ ಹಿಸ್ಟೋಗ್ರಾಂ ನಕ್ಷೆ ಎರಡೂ ಕಡೆ ಬರುತ್ತದೆ, ಅದನ್ನು ನೋಡಿ.

ಸ್ಕ್ರೀನ್ ಮಡಚುವ ರೀತಿ ನನಗೆ ಅರ್ಧ ಇಷ್ಟ. ಮೇಲಕ್ಕೆ 180 ಡಿಗ್ರಿ, ಕೆಳಕ್ಕೆ 74 ಡಿಗ್ರಿ. ಪಕ್ಕಕ್ಕೆ ತಿರುಗುವುದೇ ಇಲ್ಲ. ಮಳೆಗಾಲದಲ್ಲಿ ಅಣಬೆಯನ್ನು ಕ್ಯಾಮೆರಾ ಲಂಬವಾಗಿ ಹಿಡಿದು ಉದ್ದುದ್ದ ಚೌಕಟ್ಟಲ್ಲಿ ತೆಗೆಯಬೇಕೆಂದರೆ ಕೆಸರಲ್ಲಿ ಮಲಗಲೇಬೇಕು. ಸೆಲ್ಫಿಗೆ ಪೂರ್ತಿ ಮೇಲಕ್ಕೆತ್ತಿದರೆ ಫ್ಲ್ಯಾಶ್ ಶೂ ಮೇಲಿನ ಮೈಕ್ ಅಡ್ಡ ಬರುತ್ತದೆ. 2023ರ ಎ6700ರಲ್ಲಿ ಪಕ್ಕಕ್ಕೆ ತೆರೆದುಕೊಳ್ಳುವ ಸ್ಕ್ರೀನ್ ಕೊಟ್ಟಿದ್ದಾರೆ. ಬ್ಯಾಟರಿ ಲೆಕ್ಕ: ಕಂಪನಿ ಹೇಳುವುದು ವ್ಯೂಫೈಂಡರ್‌ನಲ್ಲಿ ಸುಮಾರು 360 ಫೋಟೋ, ಸ್ಕ್ರೀನ್‌ನಲ್ಲಿ 410. ಆ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಎರಡನೇ ಬ್ಯಾಟರಿ ಹೇಗಿದ್ದರೂ ಬೇಕು.

ಹೊಸದಾಗಿ ಕೊಳ್ಳುವವರಿಗೆ ವ್ಯೂಫೈಂಡರ್ ಇಲ್ಲದ ಮಾಡೆಲ್‌ಗಳೂ ಇವೆ. ಸೋನಿ ಝಡ್‌ವಿ-ಇ10, ನಿಕಾನ್ ಝಡ್30, ಫ್ಯೂಜಿಫಿಲ್ಮ್ ಎಕ್ಸ್-ಎಂ5. ವಿಡಿಯೋ, ಮನೆಮಂದಿ, ಊಟ ತಿಂಡಿ ಫೋಟೋ ಸಾಕು ಅಂದರೆ ಅವೇ ತಗೊಳ್ಳಿ, ಉಳಿದ ದುಡ್ಡಲ್ಲಿ ಒಳ್ಳೆ ಲೆನ್ಸ್ ಬರುತ್ತದೆ. 200 ಮಿಲಿಮೀಟರ್‌ಗಿಂತ ಉದ್ದದ ಲೆನ್ಸ್ ಕೊಳ್ಳುವ ಯೋಚನೆ ಇದ್ದರೆ, ಅಥವಾ ಪೇಪರ್ ಓದಲು ಕೈ ದೂರ ಚಾಚುವ ವಯಸ್ಸು ಬಂದಿದ್ದರೆ, ವ್ಯೂಫೈಂಡರ್ ಇರುವುದನ್ನೇ ತಗೊಳ್ಳಿ.

ಎ6400 ಈಗ ಸೆಕೆಂಡ್ ಹ್ಯಾಂಡ್‌ನಲ್ಲೂ ಸಿಗುತ್ತದೆ. ನೋಡಲು ಹೋದಾಗ ಬಿಳಿ ಗೋಡೆಗೆ ಹಿಡಿದು ವ್ಯೂಫೈಂಡರ್‌ನಲ್ಲಿ ಕಲೆ ಇದೆಯಾ ಪರೀಕ್ಷಿಸಿ. ಐಪೀಸ್ ಬಿಸಿಲಿಗೆ ಮುಖ ಮಾಡಿ ಇಟ್ಟರೆ ಅದರ ಗಾಜು ಭೂತಗನ್ನಡಿಯಂತೆ ಬಿಸಿಲನ್ನು ಒಂದೇ ಕಡೆ ಸೇರಿಸಿ ಒಳಗಿನ ಪರದೆ ಸುಡುತ್ತದೆ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟವರ ಕ್ಯಾಮೆರಾಗಳಿಗೆ ಈ ಅಪಾಯ ಜಾಸ್ತಿ. ಡಯಾಪ್ಟರ್ ಎರಡೂ ಕಡೆ ಕೊನೆಯವರೆಗೆ ತಿರುಗಿಸಿ ನೋಡಿ, ಸ್ಕ್ರೀನ್ ಮೇಲೆ ಕೆಳಗೆ ಮಡಚುತ್ತಾ ಎಲ್ಲಾದರೂ ಮಿನುಗುತ್ತದಾ ಗಮನಿಸಿ. ಐಪೀಸ್‌ನ ರಬ್ಬರ್ ಕಳೆದುಹೋಗಿದ್ದರೆ ಚೌಕಾಸಿ ಮಾಡಿ ಬೆಲೆ ಇಳಿಸಿಕೊಳ್ಳಿ, ಅದು ಬೇರೆಯಾಗಿ ಸಿಗುತ್ತದೆ.