ಹಾಸನದಿಂದ ಬಾಡಿಗೆ ಕಾರಲ್ಲಿ ಹೊಯ್ಸಳರ ಊರುಗಳು: ಕೊಟ್ಟ ದುಡ್ಡಿಗೆ ಸಿಗುವುದೇನು?

ಹಾಸನದಲ್ಲಿ ಒಂದು ದಿನಕ್ಕೆ ಟ್ಯಾಕ್ಸಿ ಕೇಳಿದರೆ ಮೊದಲು ಬರುವ ಮಾತು, "ಬೇಲೂರು, ಹಳೇಬೀಡು, ಬೆಳಗೊಳ, ಮೂರೂ ಮುಗಿಸಿಬಿಡೋಣ ಸಾರ್." ಮುಗಿಯುತ್ತದೆ, ಸುಳ್ಳಲ್ಲ. ಆದರೆ ಬೇಲೂರು ಒಂದು ದಿಕ್ಕಿಗೆ 40 ಕಿ.ಮೀ. ಹತ್ತಿರ, ಶ್ರವಣಬೆಳಗೊಳ ಇನ್ನೊಂದು ದಿಕ್ಕಿಗೆ 50ರ ಆಸುಪಾಸು. ಅರ್ಧ ದಿನ ಕಾರಿನ ಸೀಟಿನಲ್ಲೇ ಕಳೆಯುತ್ತದೆ. ಶ್ರವಣಬೆಳಗೊಳದ ವಿಂಧ್ಯಗಿರಿ ಬೆಟ್ಟದ ಆರುನೂರು ಚಿಲ್ಲರೆ ಮೆಟ್ಟಿಲು ಸಾಮಾನ್ಯವಾಗಿ ನಡು ಮಧ್ಯಾಹ್ನಕ್ಕೆ ಬೀಳುತ್ತವೆ, ಅದೂ ಬರಿಗಾಲಲ್ಲಿ. ಈ ಪ್ಯಾಕೇಜಿಗೆ ಐದಕ್ಕೆ ಎರಡು ಅಂಕ, ಅದೂ ಧಾರಾಳವಾಯಿತು. ಅದೇ ಕಾರು, ಅದೇ ದಿನ, ದೊಡ್ಡಗದ್ದವಳ್ಳಿ, ಬೆಳವಡಿ, ಹುಲಿಕೆರೆ, ಹಳೇಬೀಡು ಅಂತ ಬದಲಿಸಿಕೊಂಡರೆ ನಾಲ್ಕೂವರೆ ಕೊಡಬಹುದು. ಬೇಲೂರನ್ನು ಬೇಕೆಂದೇ ಬಿಟ್ಟಿದ್ದೇವೆ. ಅದಕ್ಕೆ ಬಸ್ಸು ಬೇಕಾದಷ್ಟಿದೆ, ಇನ್ನೊಂದು ದಿನ ಹೋಗಿ.

ಬಾಡಿಗೆ ಮಾತಾಡುವಾಗ ಎಡವುವುದು ಒಂದೇ ಕಡೆ. ಲೋಕಲ್ ಪ್ಯಾಕೇಜ್ ಎಂದರೆ ರೂಢಿಯಲ್ಲಿ 8 ಗಂಟೆ, 80 ಕಿ.ಮೀ. ಈ ಸುತ್ತು 100 ದಾಟುತ್ತದೆ. ಹೆಚ್ಚುವರಿ ಕಿ.ಮೀ., ಹೆಚ್ಚುವರಿ ಗಂಟೆ ಎರಡಕ್ಕೂ ಬೇರೆ ಬೇರೆ ದರ ಹಾಕುತ್ತಾರೆ. ಆದ್ದರಿಂದ ನಾಲ್ಕೂ ಊರಿನ ಹೆಸರು ಹೇಳಿ, ವೇಟಿಂಗ್, ಪಾರ್ಕಿಂಗ್, ಡ್ರೈವರ್ ಬಾಟಾ ಸೇರಿಸಿ ಒಟ್ಟು ಎಷ್ಟು ಎಂದು ಹೊರಡುವ ಮೊದಲೇ ಕೇಳಿ. ವೇಟಿಂಗ್ ಬಗ್ಗೆ ಮಾತಾಗದಿದ್ದರೆ ಬೆಳವಡಿಯಲ್ಲಿ ಅರ್ಧ ಗಂಟೆಗೇ ಹಾರ್ನ್ ಶುರುವಾಗುತ್ತದೆ.

ಬೆಳಿಗ್ಗೆ ಏಳೂವರೆಗೆ ಹಾಸನ ಬಿಡಿ. ಬೇಲೂರು ರಸ್ತೆಯಲ್ಲಿ ಹಗರೆಗೆ ಮೊದಲೇ ಹೆದ್ದಾರಿ ಬಿಟ್ಟು ಒಳಗೆ ತಿರುಗಿದರೆ ದೊಡ್ಡಗದ್ದವಳ್ಳಿ. ಇಲ್ಲಿನ ಲಕ್ಷ್ಮೀದೇವಿ ಗುಡಿ 1113ರ ಸುಮಾರಿನದು, ಅಂದರೆ ಬೇಲೂರಿನ ಚೆನ್ನಕೇಶವನಿಗಿಂತ ನಾಲ್ಕೈದು ವರ್ಷ ಹಿರಿಯದು. ಕಟ್ಟಿಸಿದ್ದು ರಾಜನಲ್ಲ, ಕುಲ್ಲಹಣ ರಾಹುತ ಎಂಬ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ. ಕೆರೆ, ಏರಿ, ಗದ್ದೆ, ಗುಡಿ, ನಾಲ್ಕೂ ಒಂದೇ ನೋಟಕ್ಕೆ ಸಿಗುತ್ತವೆ. ಹಾಸನ ಸೀಮೆಯ ಹಳೇ ಊರು ಹೇಗಿತ್ತು ಎಂದು ಕೇಳಿದವರಿಗೆ ಇದನ್ನೇ ತೋರಿಸಬೇಕು.

ಗುಡಿ ಚತುಷ್ಕೂಟ: ನಾಲ್ಕು ದಿಕ್ಕಿಗೆ ನಾಲ್ಕು ಗರ್ಭಗುಡಿ, ನಡುವೆ ಒಂದೇ ಅಂಗಳದಂಥ ಮಂಟಪ. ಹಳೇಬೀಡಿನ ಪಟ್ಟಿಕೆಗಳನ್ನು (ಗೋಡೆಯಲ್ಲಿ ಒಂದರ ಮೇಲೊಂದು ಅಡ್ಡಕ್ಕೆ ಓಡುವ ಕೆತ್ತನೆಯ ಸಾಲುಗಳನ್ನು) ತಲೆಯಲ್ಲಿಟ್ಟುಕೊಂಡು ಬಂದವರಿಗೆ ಹೊರಗೋಡೆ ನೋಡಿ "ಇಷ್ಟೇನಾ" ಅನ್ನಿಸುತ್ತದೆ. ಗೋಡೆಯಲ್ಲಿ ಆನೆಸಾಲಿಲ್ಲ, ಕೆಳಗೆ ಜಗತಿಯೂ (ಗುಡಿ ನಿಲ್ಲುವ ಎತ್ತರದ ಕಲ್ಲಿನ ಕಟ್ಟೆ) ಇಲ್ಲ. ಹೊರಗೆ ಕಣ್ಣು ಹಾಕಬೇಕಾದ್ದು ಮೆಟ್ಟಿಲು ಮೆಟ್ಟಿಲಾಗಿ ಏರುವ ಕದಂಬ ಮಾದರಿಯ ಶಿಖರಗಳ ಕಡೆಗೆ. ಒಳಗೆ ನೋಡಬೇಕಾದ್ದು ಕಾಳಿಯ ಬಾಗಿಲು. ಅದರ ಎರಡೂ ಬದಿಗೆ ಬೇತಾಳಗಳು ನಿಂತಿವೆ: ಮಾಂಸವಿಲ್ಲದ ಮೈ, ಎಣಿಸಬಹುದಾದ ಪಕ್ಕೆಲುಬು, ಒಳಕ್ಕೆ ಸೆಳೆದ ಹೊಟ್ಟೆ. ಎದುರಿಗೆ ನಿಂತು ಟಾರ್ಚ್ ಬಿಟ್ಟರೆ ಚಪ್ಪಟೆ ಕಾಣುತ್ತವೆ. ಬೆಳಕನ್ನು ಪಕ್ಕದಿಂದ ಓರೆಯಾಗಿ ಹಾಯಿಸಿ, ಒಂದೊಂದು ಎಲುಬಿನ ಹಿಂದೆಯೂ ನೆರಳು ಎದ್ದು ಬರುತ್ತದೆ. ಫೋನಿನ ಬೆಳಕು ಸಾಲದು, ಒಳ್ಳೆಯ ಟಾರ್ಚ್ ಒಯ್ಯಿರಿ.

ಕೊರತೆ ಏನೆಂದರೆ, ಊರಿನಲ್ಲಿ ಊಟಕ್ಕೆ ಹೋಟೆಲ್ ಹುಡುಕಬೇಡಿ. ಗುಡಿಗೆ ಬೀಗ ಬಿದ್ದಿದ್ದರೆ ಹಿಂದಿರುಗಬೇಡಿ, ಹತ್ತಿರದ ಮನೆಯಲ್ಲಿ "ಬೀಗದ ಕೈ ಯಾರ ಹತ್ರ ಇದೆ ಅಣ್ಣಾ" ಎಂದು ಕೇಳಿ. ಸಣ್ಣ ಊರುಗಳ ಗುಡಿಗಳಿಗೆಲ್ಲ ಇದೇ ದಾರಿ.

ಅಲ್ಲಿಂದ ಹಗರೆ ಮೇಲೆ ಹಳೇಬೀಡು. ನಿಲ್ಲಬೇಡಿ, ದಾಟಿ ಜಾವಗಲ್ ರಸ್ತೆ ಹಿಡಿಯಿರಿ. ಹತ್ತು ಹನ್ನೆರಡು ಕಿ.ಮೀ. ಹೋದರೆ ಬೆಳವಡಿ. ಜಿಲ್ಲೆ ಇಲ್ಲಿ ಬದಲಾಗುತ್ತದೆ, ಊರು ಚಿಕ್ಕಮಗಳೂರಿನದು. (ಬೆಳವಡಿ ಮಲ್ಲಮ್ಮನ ಊರು ಬೆಳಗಾವಿ ಜಿಲ್ಲೆಯದು. ಮ್ಯಾಪಿನಲ್ಲಿ ಬರೀ "ಬೆಳವಡಿ" ಎಂದು ಹಾಕಿ ಅಲ್ಲಿಗೆ ದಾರಿ ತೋರಿಸಿತೆಂದು ಬೈಯಬೇಡಿ.) ಭೀಮ ಬಕಾಸುರನನ್ನು ಕೊಂದ ಏಕಚಕ್ರನಗರ ಇದೇ ಎಂಬುದು ಊರಿನವರ ನಂಬಿಕೆ.

ಇಮ್ಮಡಿ ವೀರಬಲ್ಲಾಳನ ಕಾಲದ, 1200ರ ಆಸುಪಾಸಿನ ವೀರನಾರಾಯಣ ದೇವಾಲಯ ತ್ರಿಕೂಟ: ಹಿಂದೆ ವೀರನಾರಾಯಣ, ಮುಂದೆ ಎದುರುಬದುರಾಗಿ ವೇಣುಗೋಪಾಲ ಮತ್ತು ಯೋಗಾನರಸಿಂಹ. ಬಾಗಿಲಲ್ಲಿ ಎರಡು ಕಲ್ಲಾನೆ. ಹೆಚ್ಚಿನವರು ನೇರ ದೇವರ ಮುಂದೆ ಹೋಗಿ ಕೈಮುಗಿದು ಹೊರಬರುತ್ತಾರೆ. ನೋಡಬೇಕಾದ್ದು 37 ಅಂಕಣದ (ಕಂಬಗಳ ನಡುವಿನ ಚೌಕಗಳ) ತೆರೆದ ಮುಖಮಂಟಪ. ಇಲ್ಲಿನ ಕಂಬಗಳ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಬಿದ್ದಂತೆ ಗಡಸಾಗುತ್ತದೆ. ಆ ಮೆದುತನ ಇರುವಾಗಲೇ ಕಂಬವನ್ನು ತಿರುಗಣೆಯಲ್ಲಿ ತಿರುಗಿಸಿ ಕಡೆದರು. ಕಂಬದ ಕತ್ತಿನ ಬಳಿ ಬೆರಳಿಡದೆ ಕಣ್ಣಲ್ಲೇ ಸವರಿ ನೋಡಿ: ಬಳೆ ಜೋಡಿಸಿದಂಥ ಉಂಗುರಗಳು, ಕೆಳಗೆ ಗಂಟೆಯಾಕಾರ, ಆ ಉಬ್ಬಿನ ಮೇಲೆ ಹೊರಗಿನ ಹುಲ್ಲಿನ ಹಸಿರು ಒಂದು ಗೆರೆಯಾಗಿ ಹೊಳೆಯುತ್ತದೆ. ಹೊಳಪು ನೆರಳಲ್ಲೇ ಚೆಂದ, ಹಾಗಾಗಿ ಹತ್ತೂವರೆ ಹನ್ನೊಂದಕ್ಕೆ ಬಂದರೂ ಇಲ್ಲಿ ನಷ್ಟವಿಲ್ಲ. ಇದು ಪೂಜೆ ನಡೆಯುವ ಗುಡಿ, ಮಧ್ಯಾಹ್ನ ಗರ್ಭಗುಡಿಯ ಬಾಗಿಲು ಹಾಕುತ್ತಾರೆ. ತಡಮಾಡಿದರೆ ಮಂಟಪವಷ್ಟೇ ದಕ್ಕುತ್ತದೆ. ಇಡೀ ಸುತ್ತಿನಲ್ಲಿ ಅತಿ ಹೆಚ್ಚು ಹೊತ್ತು ಇಲ್ಲೇ ಕಳೆಯಿರಿ, ಒಂದೂವರೆ ಗಂಟೆಯಾದರೂ ಬೇಕು.

ಊಟಕ್ಕೆ ಹಳೇಬೀಡಿಗೆ ವಾಪಸ್. ಸಾಧಾರಣ ಊಟ, ಹೊಗಳುವಂಥದ್ದೇನಿಲ್ಲ. ಶೌಚಾಲಯ ನೆಚ್ಚಿಕೊಳ್ಳಬಹುದಾದ್ದೂ ಇಲ್ಲೇ. ಪಕ್ಕದ ಹುಲಿಕೆರೆಯ ಕೊಳಕ್ಕೆ ಇಪ್ಪತ್ತು ನಿಮಿಷ ಸಾಕು. ಮೆಟ್ಟಿಲುಗಳ ಮೇಲೆ ಸುತ್ತಲೂ ಪುಟ್ಟ ಪುಟ್ಟ ಗುಡಿಗಳಿವೆ. ಮಳೆಗಾಲದಲ್ಲಿ ಪಾಚಿ ಕಟ್ಟಿರುತ್ತದೆ, ಮಕ್ಕಳನ್ನು ಇಳಿಸಬೇಡಿ.

ಹಳೇಬೀಡಿನ ದೊಡ್ಡ ಗುಡಿ ಹೊಯ್ಸಳೇಶ್ವರವನ್ನು ಕೊನೆಗೆ ಇಟ್ಟಿದ್ದಕ್ಕೆ ಕಾರಣ ಬಿಸಿಲು. ಗುಡಿ ಪೂರ್ವಕ್ಕೆ ಮುಖಮಾಡಿದೆ, ದೊಡ್ಡ ಶಿಲ್ಪಗಳ ಸಾಲು ಹಿಂಬದಿಯ ಪಡುವಣ ಗೋಡೆಯಲ್ಲಿದೆ. ಬೆಳಿಗ್ಗೆ ಬಂದವರು ಅದನ್ನು ನೆರಳಲ್ಲಿ ನೋಡಿ ಹೋಗುತ್ತಾರೆ. ಮೂರೂವರೆ ಮೇಲೆ ಓರೆ ಬಿಸಿಲು ನೇರ ಅದರ ಮೇಲೆ ಬೀಳುತ್ತದೆ. ಗೈಡ್ ಬೇಕಿದ್ದರೆ ಗುರುತಿನ ಚೀಟಿ ಇರುವವರನ್ನು, ದರ ಮೊದಲೇ ಮಾತಾಡಿ ಕರೆದುಕೊಳ್ಳಿ. ಪಟ್ಟಿಕೆಗಳನ್ನು ಕೆಳಗಿನಿಂದ ಮೇಲೆ ಓದಿಸಲು ಹೇಳಿ: ಆನೆ, ಸಿಂಹ, ಬಳ್ಳಿ, ಕುದುರೆ, ಮತ್ತೆ ಬಳ್ಳಿ, ಪುರಾಣದ ಕತೆ, ಮಕರ, ಹಂಸ. ಹತ್ತು ನಿಮಿಷದಲ್ಲಿ ಓಡಿಸುವವರು ಕತೆಯ ಸಾಲನ್ನೇ ಹಾರಿಸುತ್ತಾರೆ. ಅಂಗಳದ ಕಲ್ಲು ಆ ಹೊತ್ತಿಗೂ ಕಾದಿರುತ್ತದೆ, ದಪ್ಪ ಕಾಲುಚೀಲ ಇರಲಿ. ಮ್ಯೂಸಿಯಂಗೆ ಶುಕ್ರವಾರ ರಜೆ. ಡಿಸೆಂಬರಿನಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟುತ್ತವೆ. 2023ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಮೇಲೆ ಹಳೇಬೀಡಿನ ಹೆಸರು ಎಲ್ಲರ ಬಾಯಲ್ಲಿದೆ. ಆದರೆ ಅರ್ಧ ಕಿ.ಮೀ. ದೂರದ ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿಗೆ ಈಗಲೂ ಬೆರಳೆಣಿಕೆಯ ಜನ. 1133ರ ಆ ಬಸದಿಯ ಕಂಬಗಳ ನುಣುಪಿಗೆ ಮುಖ ಕಾಣುತ್ತದೆ.

ಕಾರು ಬೇಡವೆಂದರೆ ಬಸ್ಸಿನಲ್ಲೂ ಆಗುತ್ತದೆ, ದೊಡ್ಡಗದ್ದವಳ್ಳಿ ಒಂದನ್ನು ಬಿಟ್ಟು. ಹಾಸನದಿಂದ ಹಳೇಬೀಡಿಗೆ ನೇರ ಬಸ್ಸು, ಅಲ್ಲಿಂದ ಜಾವಗಲ್ ಕಡೆಯ ಬಸ್ಸು ಹತ್ತಿದರೆ ಬೆಳವಡಿ ದಾರಿಯಲ್ಲೇ ಸಿಗುತ್ತದೆ. ಬೆಳವಡಿಯಲ್ಲಿ ಇಳಿಯುವಾಗಲೇ ವಾಪಸ್ ಬಸ್ಸು ಎಷ್ಟು ಹೊತ್ತಿಗೆಂದು ಕಂಡಕ್ಟರನ್ನು ಕೇಳಿಟ್ಟುಕೊಳ್ಳಿ. ತಪ್ಪಿಸಿಕೊಂಡರೆ ಆಟೋದವರು ಹೇಳಿದ್ದೇ ರೇಟು.